ಓದುಗರ ಪ್ರಶ್ನೆ: ಪೆಟ್ರೋಲ್ ತೆರಿಗೆ, ಪುಕ್ಕಟೆ ಕರೆಂಟು ಮತ್ತು ಸರ್ಕಾರದ ಲೆಕ್ಕ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಡೀಸೆಲ್ ಬೆಲೆ, ಕರೆಂಟ್ ಬಿಲ್ಲು, ತೆರಿಗೆ, ಸರ್ಕಾರದ ಸಾಲ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ. ಲೆಕ್ಕ ಬಿಡಿಸದೆ ಸುಮ್ನೆ ಅಭಿಪ್ರಾಯ ಹೇಳಿದರೆ ನಿಮಗೆ ಉಪಯೋಗವಿಲ್ಲ, ಅದಕ್ಕೆ.

ಪ್ರಶ್ನೆ: 2020ರಲ್ಲಿ ಕೊರೊನಾ ಬಂದಾಗ ಕಚ್ಚಾ ತೈಲದ ಬೆಲೆ ನೆಲಕಚ್ಚಿತ್ತು ಅಂತ ಪೇಪರಿನಲ್ಲಿ ಓದಿದ್ದೆ. ಬಂಕಿನಲ್ಲಿ ಮಾತ್ರ ಡೀಸೆಲ್ ಇಳಿಯಲೇ ಇಲ್ಲ. ಆ ದುಡ್ಡು ಎಲ್ಲಿಗೆ ಹೋಯಿತು ಸರ್? ನನ್ನದೊಂದು ಲಾರಿ ಇದೆ, ಬೆಂಗಳೂರಿಗೆ ಲೋಡ್ ಹೊಡೆಯುತ್ತೇನೆ.
(ಲಾರಿ ಮಾಲೀಕರು, ಹುಬ್ಬಳ್ಳಿ)

ಕೇಂದ್ರ ಸರ್ಕಾರಕ್ಕೆ ಹೋಯಿತು. ಹೇಗೆ ಅಂತ ನೋಡಿ. 2020ರ ಮಾರ್ಚ್ ಶುರುವಿನಲ್ಲಿ ಲೀಟರ್ ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕ 15.83 ರೂ. ಇತ್ತು. ಮಾರ್ಚ್ ಮಧ್ಯದಲ್ಲಿ 3 ರೂಪಾಯಿ ಏರಿಸಿದರು. ಮೇ ತಿಂಗಳಲ್ಲಿ ಒಂದೇ ಏಟಿಗೆ ಇನ್ನೂ 13 ರೂಪಾಯಿ. ಒಟ್ಟು 31.83 ರೂ. ಆಯಿತು. ಪೆಟ್ರೋಲ್ ಮೇಲೆ 19.98 ಇದ್ದದ್ದು 32.98ಕ್ಕೆ ಹೋಯಿತು. ಅಂದರೆ ಹೊರಗೆ ತೈಲ ಎಷ್ಟು ಅಗ್ಗವಾಯಿತೋ ಆ ಜಾಗವನ್ನು ತೆರಿಗೆ ತುಂಬಿಕೊಂಡಿತು. ಕೇಂದ್ರದ ಅಬಕಾರಿ ಆದಾಯ 2019-20ರಲ್ಲಿ ಸುಮಾರು 2.4 ಲಕ್ಷ ಕೋಟಿ ಇದ್ದದ್ದು ಮುಂದಿನ ವರ್ಷ ಸುಮಾರು 3.9 ಲಕ್ಷ ಕೋಟಿ ಆಯಿತು. ಲಾಕ್‌ಡೌನ್ ಇದ್ದ ವರ್ಷ ಅದು. ಗಾಡಿಗಳು ಓಡಿದ್ದೇ ಕಡಿಮೆ.

ಸರ್ಕಾರದ ಕಡೆಯ ಮಾತನ್ನೂ ಹೇಳಬೇಕು. ಆ ವರ್ಷ ಅಂಗಡಿ ಮುಚ್ಚಿದ್ದವು, ಜಿಎಸ್‌ಟಿ ಬರುತ್ತಿರಲಿಲ್ಲ, 80 ಕೋಟಿ ಜನರಿಗೆ ಪುಕ್ಕಟೆ ರೇಷನ್ ಕೊಡಬೇಕಿತ್ತು, ಊರಿಗೆ ವಾಪಸ್ ಹೋದವರಿಗೆ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೊಡಬೇಕಿತ್ತು, ಆ ಯೋಜನೆಯೊಂದಕ್ಕೇ 1.11 ಲಕ್ಷ ಕೋಟಿ ಖರ್ಚಾಯಿತು. ದುಡ್ಡು ಬೇಕಿತ್ತು, ನಿಜ. ತೈಲದ ತೆರಿಗೆ ವಸೂಲಿ ಮಾಡುವುದೂ ಸುಲಭ. ಕೆಲವೇ ಕಂಪನಿಗಳಿಂದ ಬರುತ್ತದೆ, ಯಾರೂ ಕದಿಯುವುದಕ್ಕೆ ಆಗಲ್ಲ.

ಆದರೆ ಆ ತೆರಿಗೆ ಯಾರ ಮೇಲೆ ಬಿತ್ತು? ನಿಮ್ಮ ಲಾರಿಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿಗೆ ಹತ್ತಿರ ಹತ್ತಿರ 400 ಕಿ.ಮೀ. ಲೀಟರಿಗೆ 4 ಕಿ.ಮೀ. ಅಂತ ಹಿಡಿದರೆ 100 ಲೀಟರ್. 16 ರೂಪಾಯಿ ಏರಿಸದೆ ಬಿಟ್ಟಿದ್ದರೆ ಒಂದು ಟ್ರಿಪ್ಪಿಗೆ 1,600 ರೂಪಾಯಿ ಉಳಿಯುತ್ತಿತ್ತು. ಲಾರಿಯಲ್ಲಿ 10 ಟನ್ ಈರುಳ್ಳಿ ಇದ್ದರೆ ಅದು ಕೆಜಿಗೆ 16 ಪೈಸೆ. ಇಷ್ಟೇನಾ ಅನಿಸುತ್ತದೆ ಅಲ್ವಾ? ಕೊಳ್ಳುವವರಿಗೆ ಇಷ್ಟೇ. ನಿಮಗೆ ಮಾತ್ರ ಹಾಗಲ್ಲ. ಬಾಡಿಗೆ ಏರದಿದ್ದರೆ ಆ 1,600 ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಆ ವರ್ಷ ಲೋಡೇ ಸಿಗದೆ ಲಾರಿಗಳು ಸಾಲಾಗಿ ನಿಂತಿದ್ದಾಗ ಬಾಡಿಗೆ ಏರಿಸಿ ಅಂತ ಕೇಳುವ ಧೈರ್ಯ ಯಾರಿಗಿತ್ತು? ಲಾರಿ ಕಂತು ಕಟ್ಟುವವರು, ಟೆಂಪೊ ಇಟ್ಟವರು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರು, ದೋಣಿಗೆ ಡೀಸೆಲ್ ತುಂಬುವ ಮಲ್ಪೆಯ ಮೀನುಗಾರರು, ಇವರೇ ಮೊದಲು ಸುಟ್ಟುಕೊಂಡರು. ತೆರಿಗೆ ಎಷ್ಟು ಅನ್ನುವುದರ ಜೊತೆಗೆ ಅದನ್ನು ಮುಂದಿನವರಿಗೆ ದಾಟಿಸಲು ಯಾರಿಗೆ ಆಗಲ್ಲ ಅಂತಲೂ ನೋಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮುಂದೆ ಸುಂಕ ಇಳಿಯಿತು. 2021ರ ನವೆಂಬರಿನಲ್ಲಿ ಡೀಸೆಲ್‌ಗೆ 10 ರೂ., 2022ರ ಮೇನಲ್ಲಿ ಮತ್ತೆ 6 ರೂ. ಕಡಿಮೆ ಮಾಡಿದರು. ನಮ್ಮ ರಾಜ್ಯವೂ 2021ರ ನವೆಂಬರಿನಲ್ಲೇ 7 ರೂಪಾಯಿ ಇಳಿಸಿತ್ತು. ಅದೇ ರಾಜ್ಯ 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 14.3ರಿಂದ 18.4 ಪರ್ಸೆಂಟಿಗೆ, 2025ರ ಏಪ್ರಿಲ್‌ನಲ್ಲಿ 21.17 ಪರ್ಸೆಂಟಿಗೆ ಏರಿಸಿತು. ದುಡ್ಡು ಬೇಕಾದಾಗ ಎಲ್ಲ ಪಕ್ಷದ ಸರ್ಕಾರವೂ ಮೊದಲು ಕೈ ಹಾಕುವುದು ಬಂಕಿಗೇ.

ಪ್ರಶ್ನೆ: ನಾನು ಪೆಟ್ರೋಲಿಗೆ ಕೊಡುವ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕಕ್ಕೆ ಎಷ್ಟು ವಾಪಸ್ ಬರುತ್ತದೆ?
(ಕಾಲೇಜು ವಿದ್ಯಾರ್ಥಿನಿ, ಹಾಸನ)

ಒಳ್ಳೆಯ ಪ್ರಶ್ನೆ ಕಣಮ್ಮ. ಉತ್ತರ ಕೇಳಿದರೆ ಬೇಸರವಾಗುತ್ತದೆ. 2022ರ ಮೇ ನಂತರ ಪೆಟ್ರೋಲ್ ಮೇಲಿನ ಕೇಂದ್ರ ಸುಂಕ 19.90 ರೂ. ಇತ್ತು. ಅದರಲ್ಲಿ ಮೂಲ ಸುಂಕ 1.40 ರೂ. ಮಾತ್ರ. ವಿಶೇಷ ಹೆಚ್ಚುವರಿ ಸುಂಕ 11 ರೂ., ರಸ್ತೆ ಸೆಸ್ 5 ರೂ., ಕೃಷಿ ಮೂಲಸೌಕರ್ಯ ಸೆಸ್ 2.50 ರೂ. ರಾಜ್ಯಗಳಿಗೆ ಹಂಚಬೇಕಾದದ್ದು ಮೂಲ ಸುಂಕ ಒಂದನ್ನೇ. ಸೆಸ್ಸು (ಒಂದು ಕೆಲಸಕ್ಕೆ ಅಂತ ಹೆಸರಿಟ್ಟು ಹಾಕುವ ಸುಂಕ), ಸರ್‌ಚಾರ್ಜು (ಮೇಲೆ ಹಾಕುವ ಹೆಚ್ಚುವರಿ ಸುಂಕ) ಇವನ್ನು ಹಂಚಬೇಕಿಲ್ಲ ಅಂತ ಸಂವಿಧಾನದಲ್ಲೇ ಇದೆ.

ಈಗ ಲೆಕ್ಕ ಹಾಕು. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳುವ ಹಣಕಾಸು ಆಯೋಗದ, ಅಂದರೆ ಆಗಿನ 15ನೇ ಆಯೋಗದ ಪ್ರಕಾರ 1.40 ರೂಪಾಯಿಯಲ್ಲಿ 41 ಪರ್ಸೆಂಟ್ ಎಲ್ಲ ರಾಜ್ಯಗಳಿಗೆ ಸೇರಿ. ಅಂದರೆ 57 ಪೈಸೆ. ಅದರಲ್ಲಿ ಕರ್ನಾಟಕದ ಪಾಲು 3.647 ಪರ್ಸೆಂಟ್ ಇತ್ತು. ಎರಡು ಪೈಸೆ. ಲೀಟರಿಗೆ ಹತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆ ಕಟ್ಟಿದರೆ ಹಕ್ಕಿನ ಪಾಲು ಅಂತ ನಮಗೆ ಬಂದದ್ದು ಎರಡು ಪೈಸೆ! ರಸ್ತೆ ಸೆಸ್ಸಿನ ಹಣದಲ್ಲಿ ಹೆದ್ದಾರಿ ಆಗುತ್ತದೆ, ಸ್ವಲ್ಪ ರಾಜ್ಯದ ರಸ್ತೆಗೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕೇಂದ್ರ ಮನಸ್ಸು ಮಾಡಿ ಕೊಡುವ ಹಣ. ನಮ್ಮ ಆಸ್ಪತ್ರೆಗೋ ಶಾಲೆಗೋ ನಾವೇ ನಿರ್ಧಾರ ಮಾಡಿ ಖರ್ಚು ಮಾಡುವ ಹಾಗಿಲ್ಲ.

ಪ್ರಶ್ನೆ: ಪೆಟ್ರೋಲನ್ನು ಜಿಎಸ್‌ಟಿಗೆ ತಂದರೆ ಎಲ್ಲ ಸರಿ ಹೋಗಲ್ವಾ?
(ಓದುಗರು, ಮಂಗಳೂರು)

ಬೆಲೆ ಇಳಿಯುತ್ತದೆ, ಖಂಡಿತ. ಅದಕ್ಕೇ ತರುತ್ತಿಲ್ಲ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದರೂ ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನು ಹೊರಗಿಟ್ಟರು. ಯಾವಾಗ ಸೇರಿಸಬೇಕು ಅಂತ ಜಿಎಸ್‌ಟಿ ಮಂಡಳಿ ಹೇಳಬೇಕು. 2021ರ ಸೆಪ್ಟೆಂಬರಿನಲ್ಲಿ ಲಕ್ನೋದಲ್ಲಿ ಮಂಡಳಿ ಸೇರಿದಾಗ ವಿಷಯ ಬಂತು, ಈಗ ಸಮಯವಲ್ಲ ಅಂತ ಕೈಬಿಟ್ಟರು. ಕೇಂದ್ರಕ್ಕೂ ಬೇಡ, ರಾಜ್ಯಗಳಿಗೂ ಬೇಡ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆ ಅಂದರೆ ತೈಲ, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆ. ಅಷ್ಟನ್ನೂ ಬಿಟ್ಟುಕೊಡಿ ಅನ್ನುವುದು ನ್ಯಾಯವಲ್ಲ ಅಂತ ನನಗೂ ಅನಿಸುತ್ತದೆ. ಆದರೆ ಡೀಸೆಲನ್ನಾದರೂ ಸೇರಿಸಬೇಕು. ಸರಕು ಸಾಗಿಸುವವರು ಡೀಸೆಲಿಗೆ ಕಟ್ಟಿದ ತೆರಿಗೆಯನ್ನು ಬೇರೆ ಯಾವ ತೆರಿಗೆಯಲ್ಲೂ ವಜಾ ಮಾಡಿಕೊಳ್ಳಲು ಈಗ ಆಗಲ್ಲ, ತೆರಿಗೆ ಮೇಲೆ ತೆರಿಗೆ ಕೂಡುತ್ತಾ ಹೋಗುತ್ತದೆ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ಇದೆ, ಆರು ಜನ ಹುಡುಗರು ಇದ್ದಾರೆ. ಮನೆಯಲ್ಲಿ ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು. ವರ್ಕ್‌ಶಾಪಿನಲ್ಲಿ ಬಿಲ್ಲು ಏರುತ್ತಲೇ ಇದೆ. ಮನೆಗೆ ಕೊಟ್ಟದ್ದನ್ನು ಇಲ್ಲಿ ಕಿತ್ತುಕೊಳ್ಳುತ್ತಿದ್ದಾರೆ ಅಂತ ನಮ್ಮ ಅಕ್ಕಪಕ್ಕದವರೆಲ್ಲ ಹೇಳುತ್ತಾರೆ. ನಿಜಾನಾ?
(ಸಣ್ಣ ಉದ್ಯಮಿ, ಬೆಂಗಳೂರು)

ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಮೇಲಿನಿಂದ ಓದಿ. ಮೊದಲು ನಿಗದಿತ ಶುಲ್ಕ ಇರುತ್ತದೆ, ಮೋಟರ್ ಓಡಲಿ ಬಿಡಲಿ ನಿಮ್ಮ ಮಂಜೂರಾದ ಲೋಡಿನ ಮೇಲೆ ಬರುವಂಥದ್ದು. ಆಮೇಲೆ ಯೂನಿಟ್ ಶುಲ್ಕ. ಅದರ ಕೆಳಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ಒಂದು ಸಾಲು. ಕಲ್ಲಿದ್ದಲು ತುಟ್ಟಿಯಾದರೆ, ಹೊರಗಿನಿಂದ ಕರೆಂಟು ತಂದರೆ ಇದು ಏರುತ್ತದೆ. 2025ರ ಏಪ್ರಿಲ್‌ನಿಂದ ಇನ್ನೊಂದು ಸೇರಿದೆ. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್, 2025-26ರಲ್ಲಿ ಯೂನಿಟ್ಟಿಗೆ 36 ಪೈಸೆ. ಇದರ ಮೇಲೆ ವಿದ್ಯುತ್ ತೆರಿಗೆ.

ಗೃಹಜ್ಯೋತಿಯ ದುಡ್ಡು ಇವುಗಳಲ್ಲಿ ಯಾವ ಸಾಲಿನಲ್ಲೂ ಇಲ್ಲ. ಅದು 2023ರ ಜುಲೈನಿಂದ ಜಾರಿಗೆ ಬಂತು. 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿಗೆ 10 ಪರ್ಸೆಂಟ್ ಸೇರಿಸಿ ಪುಕ್ಕಟೆ. ಅದರ ಖರ್ಚು, ವರ್ಷಕ್ಕೆ ಸುಮಾರು 10 ಸಾವಿರ ಕೋಟಿ, ರಾಜ್ಯದ ಬಜೆಟ್ಟಿನಲ್ಲಿ ಎದ್ದು ಕಾಣುವ ಹಾಗೆ ಬರೆದಿದೆ. ರೈತರ ಪಂಪ್‌ಸೆಟ್ಟಿನ ಸಬ್ಸಿಡಿ ಅದಕ್ಕಿಂತ ದೊಡ್ಡದು, ಸುಮಾರು 16 ಸಾವಿರ ಕೋಟಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳು ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ಇವೆ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡುವುದಾದರೆ ಆ ಹಣವನ್ನು ಮುಂಗಡವಾಗಿ ವಿತರಣಾ ಕಂಪನಿಗೆ ಕಟ್ಟಬೇಕು. ಕಟ್ಟಿದರೆ ನಿಮಗೆ ಯಾವ ಹೊರೆಯೂ ಇಲ್ಲ.

ಕಟ್ಟುವುದು ತಡವಾದಾಗಲೇ ತೊಂದರೆ. ಕಂಪನಿ ದಿನಾ ಕರೆಂಟು ಕೊಳ್ಳಲೇಬೇಕು, ಕೊಟ್ಟವರಿಗೆ ದುಡ್ಡು ಎಣಿಸಲೇಬೇಕು. ಸರ್ಕಾರದಿಂದ ಬರಬೇಕಾದದ್ದು ಬರದಿದ್ದರೆ, ಗ್ರಾಮ ಪಂಚಾಯಿತಿ, ನಗರಸಭೆಗಳು ಬೀದಿದೀಪದ, ಕುಡಿಯುವ ನೀರಿನ ಬಿಲ್ಲು ಉದ್ರಿ ಇಟ್ಟರೆ, ಬ್ಯಾಂಕಿಗೆ ಹೋಗಿ ಸಾಲ ತರುತ್ತದೆ. ಆ ಸಾಲ, ಆ ಬಡ್ಡಿ ಬಜೆಟ್ ಭಾಷಣದಲ್ಲಿ ಬರುವುದಿಲ್ಲ. ಮುಂದೊಂದು ದಿನ ದರ ಪರಿಷ್ಕರಣೆ ಅಂತಲೋ, ಸರ್‌ಚಾರ್ಜ್ ಅಂತಲೋ ನಿಮ್ಮ ಬಿಲ್ಲಿಗೆ ಬರುತ್ತದೆ. ಆ 36 ಪೈಸೆಯನ್ನೇ ನೋಡಿ. ಅದು ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಮತ್ತು ಎಸ್ಕಾಂ (ವಿತರಣಾ ಕಂಪನಿ) ನೌಕರರ ಪಿಂಚಣಿಯಲ್ಲಿ ಸರ್ಕಾರ ಕೊಡಬೇಕಾಗಿದ್ದ ಪಾಲು. ಹಿಂದಿನ ವಿದ್ಯುತ್ ಮಂಡಳಿ ಕೆಇಬಿಯನ್ನು ಒಡೆದು ಕಂಪನಿ ಮಾಡಿದ ಕಾಲದ ಹೊಣೆ. ಸರ್ಕಾರ ಅದನ್ನು ಗ್ರಾಹಕರ ಮೇಲೆ ಹಾಕಿತು. ನೀವು ಲೇತ್ ತಿರುಗಿಸಿ ಕಬ್ಬಿಣ ಕೊರೆಯುತ್ತಾ ಇಪ್ಪತ್ತೈದು ವರ್ಷದ ಹಿಂದಿನ ಬಾಕಿ ತೀರಿಸುತ್ತಿದ್ದೀರಿ. ಗೃಹಜ್ಯೋತಿಯ ಬಗ್ಗೆ ಟಿವಿಯಲ್ಲಿ ದಿನಗಟ್ಟಲೆ ಜಗಳ ನಡೆಯಿತು, ಈ 36 ಪೈಸೆ ಬಗ್ಗೆ ಅದರ ಕಾಲು ಭಾಗವೂ ಚರ್ಚೆ ಆಗಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಬಡವರ ಮನೆಗೆ ದೀಪ ಪುಕ್ಕಟೆ ಕೊಡಿ, ಅದನ್ನು ಬಜೆಟ್ಟಿನಲ್ಲಿ ಬರೆಯಿರಿ, ನಾವು ಒಪ್ಪಬಹುದು ಅಥವಾ ಓಟು ಹಾಕಿ ಬೇಡ ಅನ್ನಬಹುದು. ಬರೆಯದೆ ಬಿಟ್ಟದ್ದಕ್ಕೆ ಯಾರನ್ನು ಕೇಳುವುದು?

ಇನ್ನೊಂದು ವಿಷಯ. ಉದ್ಯಮ, ವಾಣಿಜ್ಯದವರಿಗೆ ದರ ಜಾಸ್ತಿ ಇಟ್ಟು ಅದರಿಂದ ಬೇರೆಯವರ ದರ ತಗ್ಗಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಆದರೆ ದೊಡ್ಡ ಕಾರ್ಖಾನೆಗಳು ಈಗ ತಮ್ಮದೇ ಸೋಲಾರ್, ಗಾಳಿ ವಿದ್ಯುತ್ ಮಾಡಿಕೊಂಡು ಹೊರಗೆ ಹೋಗುತ್ತಿವೆ. ಹೋಗಲು ಆಗದೆ ಉಳಿಯುವವರು ನಿಮ್ಮಂಥವರು. ಪಂಪ್‌ಸೆಟ್ಟಿಗೆ ಮೀಟರ್ ಇಲ್ಲದೆ ಬರೀ ಅಂದಾಜಿನ ಲೆಕ್ಕ ಬರೆಯುವವರೆಗೆ, ನಿಜವಾಗಿ ರೈತ ಬಳಸಿದ್ದೆಷ್ಟು, ತಂತಿಯಲ್ಲಿ ಸೋರಿದ್ದೆಷ್ಟು, ಕದ್ದದ್ದೆಷ್ಟು ಅನ್ನುವುದೂ ಸರಿಯಾಗಿ ಗೊತ್ತಾಗುವುದಿಲ್ಲ. ನಷ್ಟವನ್ನೆಲ್ಲ ರೈತರ ಹೆಸರಿಗೆ ಬರೆದು ಕೈತೊಳೆದುಕೊಳ್ಳಲು ದಾರಿ ಇದೆ. ರೈತರಿಗೂ ಇದು ಅನ್ಯಾಯ.

ನೀವು ಮಾಡಬಹುದಾದದ್ದು ಒಂದಿದೆ. ದರ ಏರಿಸಲು ಕಂಪನಿಗಳು ಅರ್ಜಿ ಹಾಕಿದಾಗ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು. ನಿಮ್ಮ ಕೈಗಾರಿಕಾ ಸಂಘದ ಮೂಲಕ ಹೋಗಿ. ಸರ್ಕಾರದಿಂದ ಬರಬೇಕಾದ ಬಾಕಿ ಎಷ್ಟಿದೆ, ಅದರ ಬಡ್ಡಿ ಯಾರ ತಲೆಗೆ ಅಂತ ಈ ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ: ತೆರಿಗೆ ಇಳಿಸಿದರೆ ವ್ಯಾಪಾರ ಬೆಳೆದು ಸರ್ಕಾರಕ್ಕೇ ಹೆಚ್ಚು ಆದಾಯ ಬರುತ್ತದೆ ಅಂತ ನಮ್ಮ ಕೋಚಿಂಗ್‌ನಲ್ಲಿ ಹೇಳಿಕೊಟ್ಟರು. ಶ್ರೀಲಂಕಾದಲ್ಲಿ ಹಾಗೆ ಮಾಡಿಯೇ ದೇಶ ಮುಳುಗಿತು ಅಂತ ಗೆಳೆಯ ಹೇಳುತ್ತಾನೆ. ಯಾವುದು ಸರಿ?
(ಕೆಎಎಸ್ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ)

ನಿಮ್ಮ ಗೆಳೆಯ ಸತ್ಯಕ್ಕೆ ಹತ್ತಿರ ಇದ್ದಾರೆ. ಆದರೆ ತೆರಿಗೆ ಇಳಿಸಿದ್ದು ಒಂದೇ ಕಾರಣ ಅಲ್ಲ. ಅದನ್ನು ಪರೀಕ್ಷೆಯಲ್ಲಿ ಹಾಗೇ ಬರೆದರೆ ಅಂಕ ಹೋಗುತ್ತದೆ.

2019ರ ನವೆಂಬರಿನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾದರು. ಡಿಸೆಂಬರಿನಿಂದಲೇ ವ್ಯಾಟ್ ದರವನ್ನು 15ರಿಂದ 8 ಪರ್ಸೆಂಟಿಗೆ ಇಳಿಸಿದರು. ವರ್ಷಕ್ಕೆ 1.2 ಕೋಟಿ ರೂಪಾಯಿ ವಹಿವಾಟು ಇದ್ದವರೆಲ್ಲ ವ್ಯಾಟ್ ಕಟ್ಟಬೇಕಿತ್ತು, ಆ ಮಿತಿಯನ್ನು 30 ಕೋಟಿಗೆ ಏರಿಸಿದರು. ಇವು ಶ್ರೀಲಂಕಾ ರೂಪಾಯಿಗಳು, ನಮ್ಮವಲ್ಲ. ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿಯನ್ನೂ ತೆಗೆದುಹಾಕಿದರು. ಮೊದಲೇ ಕಡಿಮೆ ಇದ್ದ ತೆರಿಗೆ ಆದಾಯ ಜಿಡಿಪಿಯ ಸುಮಾರು 8 ಪರ್ಸೆಂಟಿಗೆ ಕುಸಿಯಿತು. ನಂತರ ಕೊರೊನಾ ಬಂತು, ಪ್ರವಾಸಿಗರು ನಿಂತರು. 2020ರಲ್ಲಿ ಹೊರದೇಶದಿಂದ ಸಾಲ ಕೊಡುತ್ತಿದ್ದವರು ನಂಬಿಕೆ ಕಳೆದುಕೊಂಡರು, ಹೊಸ ಸಾಲ ಹುಟ್ಟಲಿಲ್ಲ. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದ್ದರಿಂದ ಬೆಳೆಯೂ ಕೈಕೊಟ್ಟಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇಂಧನದ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಲ್ಲಿ ಕರೆಂಟ್ ದರವನ್ನು 2014ರಿಂದ 2022ರವರೆಗೆ ಏರಿಸಿರಲಿಲ್ಲ. ಪೆಟ್ರೋಲನ್ನು ಡಾಲರ್ ಕೊಟ್ಟು ತಂದು ನಷ್ಟಕ್ಕೆ ಮಾರುತ್ತಿದ್ದರು. ನಷ್ಟ ಸರ್ಕಾರದ ಲೆಕ್ಕದಲ್ಲಿ ಕಾಣಲಿಲ್ಲ, ಯಾಕೆಂದರೆ ಸಿಲೋನ್ ಪೆಟ್ರೋಲಿಯಂ ನಿಗಮ ಬ್ಯಾಂಕ್ ಆಫ್ ಸಿಲೋನ್, ಪೀಪಲ್ಸ್ ಬ್ಯಾಂಕ್ ಎಂಬ ಎರಡು ಸರ್ಕಾರಿ ಬ್ಯಾಂಕುಗಳಿಂದ ಸಾಲ ಎತ್ತುತ್ತಿತ್ತು. ವಿದ್ಯುತ್ ಮಂಡಳಿ ಪೆಟ್ರೋಲಿಯಂ ನಿಗಮಕ್ಕೆ ಬಾಕಿ, ನಿಗಮ ಬ್ಯಾಂಕಿಗೆ ಬಾಕಿ, ಬ್ಯಾಂಕಿನಲ್ಲಿದ್ದದ್ದು ಜನರ ಠೇವಣಿ. ನಮ್ಮ ಎಸ್ಕಾಂ ಬಾಕಿಯ ವಿಷಯ ಮೇಲೆ ಬರೆದೆನಲ್ಲ, ಅದೇ ರೋಗ, ಅಲ್ಲಿ ಮಿತಿ ಮೀರಿತ್ತು.

2022ರಲ್ಲಿ ಡಾಲರ್ ಮುಗಿಯಿತು. ಏಪ್ರಿಲ್ 12ರಂದು ಹೊರದೇಶದ ಸಾಲ ತೀರಿಸಲು ಆಗಲ್ಲ ಅಂತ ಘೋಷಿಸಿದರು. ದಿನಕ್ಕೆ 13 ಗಂಟೆವರೆಗೆ ಕರೆಂಟ್ ಹೋಗುತ್ತಿತ್ತು. ಬಂಕಿನ ಮುಂದೆ ದಿನಗಟ್ಟಲೆ ಕ್ಯೂ. ಆಮೇಲೆ ಕ್ಯೂಆರ್ ಕೋಡ್ ಪಾಸ್ ಮಾಡಿ ವಾರಕ್ಕೆ ಬೈಕಿಗೆ 4 ಲೀಟರ್, ಆಟೊಗೆ 5 ಲೀಟರ್ ಅಂತ ಅಳೆದು ಕೊಟ್ಟರು. ವಾರಕ್ಕೆ 5 ಲೀಟರಿನಲ್ಲಿ ಆಟೊ ಓಡಿಸಿ ಸಂಸಾರ ಸಾಗಿಸುವುದು ಹೇಗೆ ಅಂತ ಯೋಚಿಸಿ. ಸೆಪ್ಟೆಂಬರಿನಲ್ಲಿ ಬೆಲೆಏರಿಕೆ 70 ಪರ್ಸೆಂಟ್ ಹತ್ತಿರ ಹೋಯಿತು. ಕೊನೆಗೆ ಎಂಟು ವರ್ಷ ಏರಿಸದ ಕರೆಂಟ್ ದರವನ್ನು 2022ರ ಆಗಸ್ಟಿನಲ್ಲಿ 75 ಪರ್ಸೆಂಟ್, ಆರೇ ತಿಂಗಳಲ್ಲಿ ಮತ್ತೆ 66 ಪರ್ಸೆಂಟ್ ಏರಿಸಬೇಕಾಯಿತು. 8ಕ್ಕೆ ಇಳಿಸಿದ್ದ ವ್ಯಾಟ್ 2024ರ ಜನವರಿಗೆ 18 ಆಯಿತು. ಇಳಿಸಿದಾಗ ಲಾಭ ಆದದ್ದು ಹೆಚ್ಚು ಕೊಳ್ಳುವವರಿಗೆ, ಏರಿಸಿದಾಗ ಪೆಟ್ಟು ಬಿದ್ದದ್ದು ದಿನಗೂಲಿಯವರಿಗೆ.

ನಮ್ಮ ದೇಶದ ಉದಾಹರಣೆಯೂ ಬರೆಯಿರಿ. ಅದೇ 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯ ಮೂಲ ದರವನ್ನು 22 ಪರ್ಸೆಂಟಿಗೆ, ಹೊಸ ಉತ್ಪಾದನಾ ಘಟಕಗಳಿಗೆ 15ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಅಂತ ಸರ್ಕಾರವೇ ಹೇಳಿತು. ಕಾರ್ಖಾನೆಗಳು ಸಾಲುಸಾಲಾಗಿ ಬಂದವಾ? ನಿರೀಕ್ಷೆ ಮಾಡಿದಷ್ಟು ಇಲ್ಲ. ಕೊಳ್ಳುವವರು ಇದ್ದರೆ ಕಾರ್ಖಾನೆ ಕಟ್ಟುತ್ತಾರೆ, ಬರೀ ತೆರಿಗೆ ಕಡಿಮೆ ಅಂತ ಯಾರೂ ಕಟ್ಟುವುದಿಲ್ಲ. 2025ರಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೇಡ ಅಂದದ್ದು, ಸೆಪ್ಟೆಂಬರ್ 22ರಿಂದ ಸಿಮೆಂಟು, ಸಣ್ಣ ಕಾರು, ಬೈಕಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಸಿದ್ದು ಕೊಳ್ಳುವವರ ಕೈಗೆ ದುಡ್ಡು ಬಿಡುವ ದಾರಿ. ನನ್ನ ಒಲವು ಇದರ ಕಡೆಗೇ. ಬಿಟ್ಟುಕೊಟ್ಟ ಆದಾಯವನ್ನು ಬೇರೆಲ್ಲಿಂದ ತರುತ್ತಾರೆ ಅಂತ ಮಾತ್ರ ಪ್ರತಿ ಸಲವೂ ಕೇಳಬೇಕು.

ಪ್ರಶ್ನೆ: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಕ್ಕಳಿಗೆ ಹೇಳುತ್ತೇವೆ. ಸರ್ಕಾರ ಮಾತ್ರ ಪ್ರತಿ ವರ್ಷ ಸಾಲ ಮಾಡುತ್ತದೆ. ಇದು ತಪ್ಪಲ್ವಾ?
(ಗೃಹಿಣಿ, ಮೈಸೂರು)

ಸಾಲ ಮಾಡುವುದೇ ತಪ್ಪು ಅಂತ ಹೇಳಲಾರೆ ಮೇಡಂ. ಸರ್ಕಾರಕ್ಕೆ ನಿವೃತ್ತಿ ವಯಸ್ಸು ಇಲ್ಲ, ಪ್ರತಿ ವರ್ಷ ತೆರಿಗೆ ಬರುತ್ತಲೇ ಇರುತ್ತದೆ. ಸಾಲ ತಂದು ರೈಲು ಮಾರ್ಗ, ಬಂದರು, ವಿದ್ಯುತ್ ಕೇಂದ್ರ ಕಟ್ಟಿದರೆ ಮುಂದಿನ ತಲೆಮಾರು ಅದನ್ನು ಬಳಸುತ್ತದೆ, ಅವರೂ ಒಂದಿಷ್ಟು ತೀರಿಸಲಿ. ಶರಾವತಿಯ ಕರೆಂಟನ್ನು ನಾವು ಇವತ್ತಿಗೂ ಬಳಸುತ್ತಿಲ್ಲವೇ?

2025-26ರ ಕೇಂದ್ರ ಬಜೆಟ್ ಅಂದಾಜು ನೋಡಿ. ಒಟ್ಟು ಖರ್ಚು 50.65 ಲಕ್ಷ ಕೋಟಿ. ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ, ನಾಲ್ಕರಲ್ಲಿ ಒಂದು ಭಾಗ. ಆಸ್ತಿ ಕಟ್ಟುವ ಬಂಡವಾಳ ವೆಚ್ಚ 11.21 ಲಕ್ಷ ಕೋಟಿ. ಕಟ್ಟುವುದಕ್ಕಿಂತ ಬಡ್ಡಿ ಜಾಸ್ತಿ. ಇದು ನನಗೆ ನೆಮ್ಮದಿ ಕೊಡುವ ಅಂಕಿ ಅಲ್ಲ. ಕೊರೊನಾ ವರ್ಷ ಜಿಡಿಪಿಯ 9.2 ಪರ್ಸೆಂಟ್ ಇದ್ದ ಕೊರತೆಯನ್ನು 4.4ಕ್ಕೆ ಇಳಿಸುವ ಗುರಿ ಆ ಬಜೆಟ್ಟಿನಲ್ಲಿ ಇತ್ತು, ಅದು ಒಳ್ಳೆಯದು. ಇಷ್ಟೇ ಸಾಲ ಮಾಡಬೇಕು ಅಂತ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು, 2002ರಲ್ಲಿ. ಅದನ್ನು ನೆನಪಿಟ್ಟುಕೊಳ್ಳಬೇಕು.

ಹೆಚ್ಚು ಹೆದರಬೇಕಾದದ್ದು ಬಜೆಟ್ಟಿನಿಂದ ಹೊರಗಿಟ್ಟ ಸಾಲಕ್ಕೆ. 2005ರಿಂದ 2010ರ ನಡುವೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಅಗ್ಗವಾಗಿ ಕೊಡಲು ಆಗಿನ ಕೇಂದ್ರ ಸರ್ಕಾರ ತೈಲ ಕಂಪನಿಗಳಿಗೆ ನಗದು ಕೊಡುವ ಬದಲು ಸುಮಾರು 1.4 ಲಕ್ಷ ಕೋಟಿಯ ಬಾಂಡ್, ಅಂದರೆ ಮುಂದೆ ಬಡ್ಡಿ ಸೇರಿಸಿ ತೀರಿಸುತ್ತೇವೆ ಅನ್ನುವ ಸಾಲಪತ್ರ ಕೊಟ್ಟಿತು. ಅವುಗಳ ಕೊನೆಯ ಕಂತು 2025-26ರಲ್ಲಿ. ಅಂದಿನ ಅಗ್ಗದ ಸೀಮೆಎಣ್ಣೆಗೆ ಇಂದಿನ ಹುಡುಗರು ದುಡ್ಡು ಕೊಟ್ಟಿದ್ದಾರೆ. ಈಚಿನ ಸರ್ಕಾರವೂ ರೇಷನ್ ಅಕ್ಕಿಯ ಸಬ್ಸಿಡಿಯನ್ನು ಪೂರ್ತಿ ಕೊಡದೆ, ಆಹಾರ ನಿಗಮದಿಂದ ಸಣ್ಣ ಉಳಿತಾಯ ನಿಧಿಯ ಸಾಲ ಎತ್ತಿಸುತ್ತಿತ್ತು. 2021ರ ಬಜೆಟ್ಟಿನಲ್ಲಿ ಅದನ್ನು ನಿಲ್ಲಿಸಿ ಹಳೆಯದನ್ನೆಲ್ಲ ಲೆಕ್ಕಕ್ಕೆ ತಂದರು. 2020-21ರಲ್ಲಿ ಆಹಾರ ಸಬ್ಸಿಡಿ 5 ಲಕ್ಷ ಕೋಟಿ ದಾಟಿದ್ದು ಅದರಿಂದಲೂ ಹೌದು. ಅಂಕಿ ಕೆಟ್ಟದಾಗಿ ಕಂಡರೂ ಆ ಕೆಲಸ ಸರಿಯಾಗಿತ್ತು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಕಡೆ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೇಳುತ್ತಿದ್ದಾರೆ. ದೇಶಕ್ಕೆ ತೈಲ ಆಮದು ಉಳಿಯುತ್ತದೆ ಅನ್ನುತ್ತಾರೆ. ಕೊಡಬಹುದಾ?
(ರೈತರು, ಚಿತ್ರದುರ್ಗ ಜಿಲ್ಲೆ)

ತೈಲ ಉಳಿಯುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ನಮ್ಮ ಕಚ್ಚಾ ತೈಲದಲ್ಲಿ 85 ಪರ್ಸೆಂಟಿಗಿಂತ ಜಾಸ್ತಿ ಹೊರಗಿನಿಂದ ಬರುತ್ತದೆ, ಅದು ಹೆಚ್ಚಾಗಿ ಗಾಡಿಗಳಿಗೆ ಹೋಗುತ್ತದೆ. ಕರೆಂಟು ಹೆಚ್ಚಾಗಿ ಬರುವುದು ಕಲ್ಲಿದ್ದಲಿನಿಂದ. ಸೋಲಾರ್ ಉಳಿಸುವುದು ಕಲ್ಲಿದ್ದಲನ್ನು. ಬಸ್ಸು, ಬೈಕು ಕರೆಂಟಿಗೆ ಬದಲಾದಷ್ಟೂ ತೈಲವೂ ಉಳಿಯುತ್ತದೆ.

ನಿಮ್ಮ ಪಕ್ಕದ ಪಾವಗಡಕ್ಕೆ ಒಮ್ಮೆ ಹೋಗಿ ಬನ್ನಿ. ತಿರುಮಣಿ, ವಳ್ಳೂರು, ಬಾಲಸಮುದ್ರದ ಕಡೆ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಇದೆ. ಜಮೀನು ಮಾರಿಸಿಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಮಳೆ ಇಲ್ಲದೆ ಶೇಂಗಾ ಒಣಗುತ್ತಿದ್ದ ಜಾಗದಲ್ಲಿ ಅದು ದೊಡ್ಡ ಆಸರೆ. ಆದರೆ ಜಮೀನು ಇದ್ದವರಿಗೆ ಮಾತ್ರ. ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಬರಲಿಲ್ಲ. ನೀವು ಊರಿನವರೆಲ್ಲ ಕೂತು ಮಾತಾಡುವಾಗ ಅವರ ಪಾಲು ಏನು ಅಂತಲೂ ಕೇಳಿ. ಏರಿಕೆ ದರವನ್ನೂ ಚೌಕಾಸಿ ಮಾಡಿ, ಎರಡು ವರ್ಷಕ್ಕೆ 5 ಪರ್ಸೆಂಟ್ ಅಂದರೆ ಬೆಲೆಏರಿಕೆಗೆ ಸಾಲದು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸ್ವಚ್ಛ ಇಂಧನಕ್ಕೆ ಅಂತ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂ. ಸೆಸ್ ಹಾಕಿದರು, 2016ಕ್ಕೆ 400 ರೂ. ಮಾಡಿದರು. ಅಂದಾಜು ಯೂನಿಟ್ಟಿಗೆ 25ರಿಂದ 30 ಪೈಸೆ ನಾವೆಲ್ಲ ಕೊಟ್ಟೆವು. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿಯನ್ನು ರಾಜ್ಯಗಳ ಆದಾಯ ನಷ್ಟ ತುಂಬುವ ಪರಿಹಾರ ನಿಧಿಗೆ ತಿರುಗಿಸಿದರು. 2025ರ ಸೆಪ್ಟೆಂಬರಿನಲ್ಲಿ ಸೆಸ್ ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು 5ರಿಂದ 18ಕ್ಕೆ ಏರಿಸಿದರು. ಆ ಹಣ ಹೇಳಿದ ಕೆಲಸಕ್ಕೇ ಹೋಗಿದ್ದರೆ ಹಗಲು ಹೊತ್ತು ಪಂಪ್‌ಸೆಟ್ಟಿಗೆ ಸೋಲಾರ್ ಕರೆಂಟು ಇನ್ನೂ ಎಷ್ಟೋ ಹಳ್ಳಿಗೆ ಬಂದಿರುತ್ತಿತ್ತು. ರಾತ್ರಿ ಹಾವು ತುಳಿಯುವ ಭಯದಲ್ಲಿ ನೀರು ಕಟ್ಟಲು ಹೋಗುವುದು ತಪ್ಪುತ್ತಿತ್ತು.

ಪ್ರಶ್ನೆ: ಎಥನಾಲ್‌ಗೆ ಗೋವಿನಜೋಳ ಬೇಕು ಅಂದರು, ಹಾಕಿದೆವು. ಬೆಳೆ ಬಂದಾಗ ರೇಟು ಬಿದ್ದುಹೋಯಿತು. ಯಾಕೆ ಹೀಗೆ?
(ರೈತರು, ಹಾವೇರಿ)

ಎರಡು ಕಾರಣ. ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿತು. ಗೋವಿನಜೋಳದ ಎಥನಾಲ್‌ಗೆ ಲೀಟರಿಗೆ 71.86 ರೂ. ಕೊಡುತ್ತೇವೆ ಅಂತ ಸರ್ಕಾರ ಹೇಳಿದ್ದರಿಂದ ಎಲ್ಲ ಕಡೆ ಬಿತ್ತನೆ ಹೆಚ್ಚಾಯಿತು. ಆದರೆ ಅದೇ ಹೊತ್ತಿಗೆ ಗೋದಾಮಿನಲ್ಲಿ ಉಳಿದಿದ್ದ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲ್ಲಿಗೆ 2,250 ರೂಪಾಯಿಗೆ ಡಿಸ್ಟಿಲರಿಗಳಿಗೆ ಬಿಟ್ಟರು, 52 ಲಕ್ಷ ಟನ್‌ವರೆಗೆ. 2025-26ರಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 2,400 ಇತ್ತು. ಡಿಸ್ಟಿಲರಿಯವರು ಯಾವುದನ್ನು ಕೊಳ್ಳುತ್ತಾರೆ ಹೇಳಿ. ಬೆಂಬಲ ಬೆಲೆ ಘೋಷಣೆ ಆದರೂ ಅಷ್ಟಕ್ಕೆ ಖರೀದಿ ಮಾಡಲೇಬೇಕು ಅಂತ ಕಾನೂನು ಇಲ್ಲ. ಹಾಗಾಗಿ ನಿಮ್ಮ ಎಪಿಎಂಸಿಯಲ್ಲಿ ಅದಕ್ಕಿಂತ ಕೆಳಗೆ ಹರಾಜು ನಡೆಯಿತು.

ನೀವು ಸಂಘದಿಂದ ಮನವಿ ಕೊಡುವುದಾದರೆ ಒಂದು ವಿಷಯ ಸೇರಿಸಿ. ಎಥನಾಲ್ ಲೆಕ್ಕದ ವರ್ಷ ನವೆಂಬರಿನಿಂದ ಶುರುವಾಗುತ್ತದೆ. ಯಾವ ಧಾನ್ಯದಿಂದ ಎಷ್ಟು ಕೊಳ್ಳುತ್ತಾರೆ ಅನ್ನುವುದು ಆ ಹೊತ್ತಿಗೆ ತೀರ್ಮಾನ ಆಗುತ್ತದೆ, ಅಷ್ಟರಲ್ಲಿ ನಿಮ್ಮ ತೆನೆ ಕಣಕ್ಕೆ ಬಂದಿರುತ್ತದೆ. ಎಷ್ಟು ಗೋವಿನಜೋಳ ಬೇಕು, ಎಷ್ಟು ಅಕ್ಕಿ ಬಿಡುತ್ತಾರೆ ಅನ್ನುವುದನ್ನು ಮೇ ಕೊನೆಯೊಳಗೆ, ನೀವು ಬೀಜ ಕೊಳ್ಳುವುದಕ್ಕೆ ಮುಂಚೆ, ಪ್ರಕಟಿಸಬೇಕು ಅಂತ ಕೇಳಿ.